ಹೆಸರು ಹೇಳದೆ ಓದುವ ಹಕ್ಕು

"ಮುಚ್ಚಿಡುವವನಲ್ಲಿಯೇ ತಪ್ಪಿರುವದು" ಎಂಬ ಭಾವನೆಯು ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿರುವದು. ಅದರಲ್ಲಿ ಅರ್ಧ ಸತ್ಯವುಂಟು. ಅರ್ಧವೇ ಇರುವದರಿಂದ ಅದು ಅಪಾಯಕರವೂ ಆಗಿರುವದು. ಮಗಳು ತಾಯಿಗೆ ಬರೆದ ಪತ್ರವನ್ನು ಮರ್ಯಾದಸ್ಥರ ಮನೆಯಲ್ಲಿ ಬೇರೊಬ್ಬರು ಒಡೆದು ಓದುವದಿಲ್ಲ. ವೈದ್ಯನು ರೋಗಿಯ ಮಾತನ್ನು ಬೀದಿಯಲ್ಲಿ ಆಡುವದಿಲ್ಲ. ಮತದಾರನು ಯಾರಿಗೆ ಮತವಿತ್ತನೆಂಬುದನ್ನು ಇನ್ನೊಬ್ಬನು ಕಾಣದಂತೆ ಮರೆಕಟ್ಟುವರು. ಇವೆಲ್ಲವೂ ಗುಟ್ಟುಗಳೇ, ಆದರೆ ಇವುಗಳಲ್ಲಿ ಒಂದಾದರೂ ಪಾಪವಲ್ಲ. ಮನುಷ್ಯನು ಮಾನದಿಂದ ಬಾಳುವದಕ್ಕೆ ಇಂಥ ಮರೆಗಳು ಬೇಕಾಗುವವೆಂದು ನಮ್ಮ ಹಿರಿಯರು ಬಲ್ಲವರಾಗಿದ್ದರು.

ಇಂದು ಓದು, ಬರಹ, ವ್ಯಾಪಾರ, ಮದುವೆಯ ಮಾತುಕತೆ, ರೋಗದ ವಿಚಾರಣೆ ಎಲ್ಲವೂ ಅಂತರ್ಜಾಲದ ಮುಖಾಂತರವಾಗಿ ನಡೆಯುತ್ತಿರುವವು. ಈ ಹಳೆಯ ಮರ್ಯಾದೆಯು ಅಲ್ಲಿ ಉಳಿದಿರುವದೇ? ಉಳಿಯದಿದ್ದರೆ ಅದನ್ನು ಉಳಿಸುವದಕ್ಕಾಗಿ ಯಾರು ಏನು ಮಾಡುತ್ತಿರುವರು? ಈ ಪ್ರಶ್ನೆಗಳನ್ನು ಸಾಮಾನ್ಯ ಗೃಹಸ್ಥನ ದೃಷ್ಟಿಯಿಂದ ಇಲ್ಲಿ ಸ್ವಲ್ಪ ವಿಚಾರಿಸೋಣ.

ನಮ್ಮ ಸೀಮೆಯ ನೆನಪು

ಇದು ಪರದೇಶದವರ ಚಿಂತೆ, ಶಹಾಪುರ ತಾಲೂಕಿನ ದೋರನಹಳ್ಳಿಯಂಥ ಊರಿನವರಿಗೆ ಇದರಿಂದೇನು ಎಂದು ವಾಚಕರು ಕೇಳಬಹುದು. ಆದರೆ ಮಾತಿಗೆ ಕಟ್ಟು ಹಾಕುವದೆಂದರೇನೆಂಬುದು ಈ ಸೀಮೆಗೆ ಹೊಸದಲ್ಲ. ದೋರನಹಳ್ಳಿ, ಶಹಾಪುರ, ಸುರಪುರ, ಯಾದಗಿರಿಗಳೆಲ್ಲ 1948ನೆಯ ಸಪ್ಟಂಬರದ ವರೆಗೆ ನಿಜಾಮರ ಹೈದರಾಬಾದ ಸಂಸ್ಥಾನದ ಆಳಿಕೆಯಲ್ಲಿದ್ದವು. ಆ ಸಂಸ್ಥಾನದಲ್ಲಿ 1929ರಲ್ಲಿ "ಗಸ್ತಿ ನಿಶಾನ್ 53" ಎಂಬ ಸುತ್ತೋಲೆಯು ಹೊರಟು, ಸರಕಾರದ ಪರವಾನಿಗೆಯಿಲ್ಲದೆ ಸಾರ್ವಜನಿಕ ಸಭೆಗಳನ್ನು ನೆರೆಯಿಸುವದು ನಿಷಿದ್ಧವಾಯಿತು. 1948ನೆಯ ಆಗಸ್ಟದಲ್ಲಿ "ಇಮ್ರೋಜ್" ಎಂಬ ಉರ್ದು ಪತ್ರಿಕೆಯ ತರುಣ ಸಂಪಾದಕರಾದ ಶೋಯಬುಲ್ಲಾ ಖಾನರು, ಸಂಸ್ಥಾನವು ಭಾರತದಲ್ಲಿ ಸೇರಬೇಕೆಂದು ಬರೆದುದಕ್ಕಾಗಿ ಹೈದರಾಬಾದಿನ ಬೀದಿಯಲ್ಲಿಯೇ ಕೊಲೆಯಾದರು. ಹೆಸರು ಹಾಕಿ ಬರೆಯುವದಕ್ಕೆ ಕೆಲವೊಮ್ಮೆ ತೆರಬೇಕಾಗುವ ಬೆಲೆಯು ಇದು.

ಮೈಸೂರು ಸೀಮೆಯಲ್ಲಿಯೂ ಸ್ಥಿತಿಯು ಸುಖಕರವಾಗಿರಲಿಲ್ಲ. 1908ರಲ್ಲಿ ಅಲ್ಲಿ ವೃತ್ತಪತ್ರಿಕೆಗಳನ್ನು ಬಿಗಿಹಿಡಿಯುವ ಕಾಯದೆಯು ಬಂದಾಗ, ಜನರು ಪ್ರೀತಿಯಿಂದ "ತಾತಯ್ಯ" ಎಂದು ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟನೆಗಾಗಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಬ್ರಿಟಿಷರ ಆಳಿಕೆಯಲ್ಲಿ 1867ರ ಕಾಯದೆಯ ಮೇರೆಗೆ ಮುದ್ರಕನ ಹೆಸರಿಲ್ಲದ ಕಾಗದವನ್ನು ಅಚ್ಚುಹಾಕುವಂತಿರಲಿಲ್ಲ. ಹೆಸರು ಗೊತ್ತಾದರೆ ಹಿಡಿಯುವದು ಸುಲಭವಲ್ಲವೆ? ಆದುದರಿಂದಲೇ 1942ರ ಚಳವಳಿಯಲ್ಲಿ ಹೆಸರಿಲ್ಲದ ಕರಪತ್ರಗಳು ಕೈಯಿಂದ ಕೈಗೆ ಹರಿದಾಡಿದವು. ಅದೇ ವರುಷದ ಆಗಸ್ಟದಲ್ಲಿ ಉಷಾ ಮೆಹತಾ ಎಂಬ ತರುಣಿಯು ಗೆಳೆಯರೊಡನೆ ಮುಂಬಯಿಯಲ್ಲಿ ಗುಪ್ತ ಕಾಂಗ್ರೆಸ್ ರೇಡಿಯೋವನ್ನು ಆರಂಭಿಸಿದಳು. ಪೋಲೀಸರಿಗೆ ಸಿಕ್ಕದಿರಲೆಂದು ಯಂತ್ರವನ್ನು ಮನೆಯಿಂದ ಮನೆಗೆ ಸಾಗಿಸುತ್ತ ನವಂಬರದ ವರೆಗೆ ಅದನ್ನು ನಡೆಯಿಸಿದಳು. ಇಂದು ನಾವು ಅವಳ ಗುಟ್ಟನ್ನು ಅಪರಾಧವೆನ್ನುವದಿಲ್ಲ, ದೇಶಸೇವೆಯೆಂದೇ ಕೊಂಡಾಡುವೆವು.

ಲಕೋಟೆಯ ಒಳಗು, ಲಕೋಟೆಯ ಹೊರಗು

ಗುಟ್ಟಿನಲ್ಲಿ ಎರಡು ಬಗೆಗಳುಂಟು. ಈ ಭೇದವನ್ನು ಮೊದಲು ತಿಳಿದುಕೊಳ್ಳಬೇಕು.

ಸುರಪುರ ಸೀಮೆಯ ಕೊಡೇಕಲ್ಲಿನ ಬಸವಣ್ಣನವರ ಪರಂಪರೆಯಲ್ಲಿ ಕಾಲಜ್ಞಾನದ ವಚನಗಳನ್ನು "ಅಮರಗನ್ನಡ" ಎಂಬ ಗುಪ್ತಲಿಪಿಯಲ್ಲಿ ಬರೆದಿಡುವ ರೂಢಿಯಿದ್ದಿತು. ಲಿಪಿಯ ಕೀಲಿಯನ್ನು ಅರಿಯದವನಿಗೆ ಅದು ಬರಿಯ ಗೀಚು, ಅರಿತವನಿಗೆ ಕನ್ನಡ. ಇದು ಮೊದಲನೆಯ ಬಗೆಯ ಗುಟ್ಟು, ಎಂದರೆ ಮಾತನ್ನು ಮುಚ್ಚುವದು. ಇಂದು ಬ್ಯಾಂಕಿನ ವ್ಯವಹಾರಗಳಲ್ಲಿಯೂ ಮೊಬೈಲಿನ ಎಷ್ಟೋ ಸಂದೇಶಗಳಲ್ಲಿಯೂ ಗಣಿತದ ಬಲದಿಂದ ಇದೇ ಕೆಲಸವನ್ನು ಮಾಡುವರು.

ಆದರೆ ಗುಪ್ತಲಿಪಿಯಲ್ಲಿ ಬರೆದ ಪತ್ರವನ್ನಾದರೂ ಲಕೋಟೆಯಲ್ಲಿ ಹಾಕಿ ಟಪಾಲಿಗೆ ಕೊಡಲೇಬೇಕು. ಲಕೋಟೆಯ ಮೇಲೆ ವಿಳಾಸವನ್ನು ಬರೆಯಲೇಬೇಕು. ಒಳಗಿನ ಮಾತು ತಿಳಿಯದಿದ್ದರೂ ಯಾರಿಗೆ ಹೋಯಿತು, ಎಂದು ಹೋಯಿತು, ಎಷ್ಟು ಸಲ ಹೋಯಿತು ಎಂಬುದು ಟಪಾಲಿನವನಿಗೆ ತಿಳಿಯುವದು. ಒಬ್ಬ ಹೆಣ್ಣುಮಗಳು ತಿಂಗಳಲ್ಲಿ ನಾಲ್ಕು ಸಲ ಕ್ಯಾನ್ಸರ್ ಆಸ್ಪತ್ರೆಗೆ ಕಾಗದ ಬರೆದಳೆಂದು ಗೊತ್ತಾದರೆ, ಕಾಗದವನ್ನು ಒಡೆಯದೆಯೇ ಅವಳ ಮನೆಯ ಕಷ್ಟವು ಹೊರಗೆ ಬಿದ್ದಂತಾಯಿತು. ಒಬ್ಬ ಗುಮಾಸ್ತನು ವರ್ತಮಾನಪತ್ರದ ಕಚೇರಿಗೆ ಬರೆದನೆಂದು ಮೇಲಧಿಕಾರಿಗೆ ತಿಳಿದರೆ ಸಾಕು. ಏನು ಬರೆದನೆಂಬುದು ಬೇಕೇ ಆಗುವದಿಲ್ಲ.

ಅಂತರ್ಜಾಲದಲ್ಲಿ ಪ್ರತಿಯೊಂದು ಯಂತ್ರಕ್ಕೂ ಅಂಕಿಗಳ ವಿಳಾಸವೊಂದು ಇರುವದು. ನಾವು ಯಾವ ತಾಣವನ್ನು ತೆರೆದರೂ, ಸಂಪರ್ಕ ಕೊಡುವ ಕಂಪನಿಗೆ ನಾವು ಎಲ್ಲಿಗೆ ಹೋದೆವೆಂಬುದೂ, ಆ ತಾಣದವರಿಗೆ ಯಾವ ವಿಳಾಸದಿಂದ ಬಂದೆವೆಂಬುದೂ ತಿಳಿಯುವದು. ಈ ಹೊರಮೈಯನ್ನು ಮರೆಮಾಡುವದೇ ಎರಡನೆಯ ಬಗೆಯ ಗುಟ್ಟು. ಅದು ಮೊದಲನೆಯದಕ್ಕಿಂತ ಕಷ್ಟತರವಾದದ್ದು.

ಉಳ್ಳಾಗಡ್ಡಿಯ ಯುಕ್ತಿ

ಈ ಕಷ್ಟವನ್ನು ನಿವಾರಿಸುವ ದಾರಿಯನ್ನು 1981ರಲ್ಲಿ ಅಮೇರಿಕೆಯ ಡೇವಿಡ್ ಚೌಮ್ ಎಂಬವರು ತಮ್ಮ ಲೇಖನದಲ್ಲಿ ಸೂಚಿಸಿದರು. 1990ರ ದಶಕದ ನಡುವಿನಲ್ಲಿ ಅಮೇರಿಕೆಯ ನೌಕಾದಳದ ಸಂಶೋಧನಾಲಯದಲ್ಲಿ ಪಾಲ್ ಸೈವರ್ಸನ್, ಮೈಕೇಲ್ ರೀಡ್, ಡೇವಿಡ್ ಗೋಲ್ಡ್‌ಶ್ಲಾಗ್ ಎಂಬ ಮೂವರು ಉಳ್ಳಾಗಡ್ಡಿಯ ಪದರುಗಳನ್ನು ಹೋಲುವ ಒಂದು ಯುಕ್ತಿಯನ್ನು ಕಂಡುಹಿಡಿದರು. ಮುಂದೆ ರೋಜರ್ ಡಿಂಗಲ್‌ಡೈನ್ ಮತ್ತು ನಿಕ್ ಮ್ಯಾಥ್ಯೂಸನ್ ಎಂಬ ತರುಣರು ಸೈವರ್ಸನ್ನರೊಡಗೂಡಿ "ಟಾರ್" ಎಂಬ ತಂತ್ರಾಂಶವನ್ನು ಕಟ್ಟಿ 2002ರಲ್ಲಿ ನಡೆಗೊಳಿಸಿದರು. 2006ರಲ್ಲಿ ಅದನ್ನು ನೋಡಿಕೊಳ್ಳುವದಕ್ಕಾಗಿ ಲಾಭದ ಆಶೆಯಿಲ್ಲದ ಸಂಸ್ಥೆಯೊಂದು ಹುಟ್ಟಿತು.

ಇದರ ಕ್ರಮವನ್ನು ಒಂದು ಉದಾಹರಣೆಯಿಂದ ತಿಳಿಯೋಣ. ದೋರನಹಳ್ಳಿಯ ಗೃಹಿಣಿಯೊಬ್ಬಳು ಬೆಂಗಳೂರಿನ ಪುಸ್ತಕಾಲಯವೊಂದರಿಂದ ಒಂದು ರೋಗದ ವಿಷಯವಾದ ಪುಸ್ತಕವನ್ನು ತರಿಸಬೇಕಾಗಿರುವದೆಂದು ಭಾವಿಸಿರಿ. ಅವಳು ತನ್ನ ಪತ್ರವನ್ನು ಒಂದರೊಳಗೊಂದಾಗಿ ಮೂರು ಲಕೋಟೆಗಳಲ್ಲಿ ಇಡುವಳು. ಹೊರಗಿನದರ ಮೇಲೆ ಶಹಾಪುರದ ಒಬ್ಬ ಗೃಹಸ್ಥನ ವಿಳಾಸ. ಅವನು ಅದನ್ನು ಒಡೆದರೆ ಒಳಗೆ ಇನ್ನೊಂದು ಲಕೋಟೆ; ಅದರ ಮೇಲೆ ರಾಯಚೂರಿನ ವಿಳಾಸ. ರಾಯಚೂರಿನವನು ತನ್ನದನ್ನು ಒಡೆದರೆ ಕಲಬುರ್ಗಿಯ ವಿಳಾಸದ ಮೂರನೆಯ ಲಕೋಟೆ. ಕಲಬುರ್ಗಿಯವನು ಅದನ್ನೂ ಒಡೆದು ಪುಸ್ತಕಾಲಯಕ್ಕೆ ಕಳಿಸುವನು. ಪುಸ್ತಕವು ಅದೇ ದಾರಿಯಿಂದ ಹಿಂದಿರುಗಿ ಬರುವದು. ಶಹಾಪುರದವನಿಗೆ ಬರೆದವಳು ಗೊತ್ತು, ಪುಸ್ತಕಾಲಯವು ಗೊತ್ತಿಲ್ಲ. ಕಲಬುರ್ಗಿಯವನಿಗೆ ಪುಸ್ತಕಾಲಯವು ಗೊತ್ತು, ಬರೆದವಳು ಗೊತ್ತಿಲ್ಲ. ರಾಯಚೂರಿನವನಿಗೆ ಎರಡೂ ಗೊತ್ತಿಲ್ಲ. ಒಬ್ಬೊಬ್ಬನಿಗೂ ತನ್ನ ಹಿಂದಿನ ಮನೆ, ಮುಂದಿನ ಮನೆ ಇವೆರಡೇ ತಿಳಿದಿರುವವು.

ಟಾರಿನಲ್ಲಿ ಈ ಮೂವರು ಗೃಹಸ್ಥರ ಜಾಗದಲ್ಲಿ ಮೂರು ಯಂತ್ರಗಳು ಇರುವವು. ಅವಕ್ಕೆ ರಿಲೇ ಎಂದು ಹೆಸರು. ಲಕೋಟೆಗಳೆಂದರೆ ಗಣಿತದ ಬೀಗಗಳು. ಒಂದೊಂದು ಬೀಗವನ್ನು ಆಯಾ ಯಂತ್ರವು ಮಾತ್ರವೇ ತೆರೆಯಬಲ್ಲದು. ಇಂಥ ಸಾವಿರಾರು ಯಂತ್ರಗಳನ್ನು ಅನೇಕ ದೇಶಗಳಲ್ಲಿ ಸ್ವಯಂಸೇವಕರು ತಮ್ಮ ಖರ್ಚಿನಿಂದ ನಡೆಯಿಸುತ್ತಿರುವರು. ಇಷ್ಟೆಲ್ಲ ವಿದ್ಯಮಾನವು ಕಣ್ಣು ಮುಚ್ಚಿ ತೆರೆಯುವದರೊಳಗೆ ನಡೆದುಹೋಗುವದು.

ಸೈನ್ಯದ ಆಶ್ರಯದಲ್ಲಿ ಹುಟ್ಟಿದ ಯುಕ್ತಿಯನ್ನು ಲೋಕಕ್ಕೆಲ್ಲ ಹಂಚಿದುದೇಕೆಂದು ಕೆಲವರಿಗೆ ಆಶ್ಚರ್ಯವಾಗಬಹುದು. ಕಾರಣವು ಸರಳವಾಗಿದೆ. ಬರಿಯ ನೌಕಾದಳದವರೇ ಅದನ್ನು ಬಳಸಿದರೆ, ಆ ದಾರಿಯಿಂದ ಬಂದವರೆಲ್ಲ ನೌಕಾದಳದವರೆಂದು ಯಾರಾದರೂ ಹೇಳಬಹುದು. ಬರಿದಾದ ಓಣಿಯಲ್ಲಿ ಮುಸುಕು ಹಾಕಿ ನಡೆದವನನ್ನು ಊರೆಲ್ಲ ನೋಡುವದು. ಸಂಕ್ರಾಂತಿಯಲ್ಲಿ ಮೈಲಾಪುರದ ಮಲ್ಲಯ್ಯನ ಜಾತ್ರೆಯ ಜನಸಂದಣಿಯಲ್ಲಿ ಒಬ್ಬನನ್ನು ಹುಡುಕುವದು ಬಹು ಕಷ್ಟ. ಗುರುತು ಮರೆಯಾಗಬೇಕಾದರೆ ನಾನಾ ತರದ ಜನರು ಸೇರಬೇಕು. ಆದಕಾರಣ ಸಾಮಾನ್ಯ ಗೃಹಸ್ಥನು ಇದನ್ನು ಸಾಧಾರಣ ಓದಿಗಾಗಿ ಬಳಸಿದರೂ, ಎಲ್ಲಿಯೋ ಪ್ರಾಣಭಯದಲ್ಲಿರುವ ಒಬ್ಬ ಬರಹಗಾರನಿಗೆ ನೆರವಾದಂತೆಯೇ ಆಗುವದು.

ತೆರೆದಿಟ್ಟ ಲೆಕ್ಕದ ಪುಸ್ತಕ

ಗುಟ್ಟನ್ನು ಕಾಯುವ ಯಂತ್ರದಲ್ಲಿ ಯಾವ ಗುಟ್ಟೂ ಇರಬಾರದು ಎಂಬುದು ಕೇಳುವದಕ್ಕೆ ವಿಚಿತ್ರವಾದರೂ ನಿಜವಾದ ಮಾತು. ತಂತ್ರಾಂಶವೆಂದರೆ ಯಂತ್ರಕ್ಕೆ ಬರೆದಿಟ್ಟ ಆಜ್ಞೆಗಳು. ಆ ಬರಹವನ್ನು ಮಾಡಿದವರು ಬಚ್ಚಿಟ್ಟರೆ, ಅದರೊಳಗೆ ನಮ್ಮ ಹೆಸರನ್ನು ಯಾರಿಗೋ ತಲುಪಿಸುವ ಆಜ್ಞೆಯೊಂದು ಅಡಗಿದೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸುವದು ಬಹಳ ಕಠಿಣ.

ಅಮೇರಿಕೆಯ ರಿಚರ್ಡ್ ಸ್ಟಾಲ್ಮನ್ನರು 1983ರಲ್ಲಿ ಆರಂಭಿಸಿದ ಸ್ವತಂತ್ರ ತಂತ್ರಾಂಶದ ಚಳವಳಿಯು ಈ ವಿಷಯದಲ್ಲಿ ನಾಲ್ಕು ಸ್ವಾತಂತ್ರ್ಯಗಳನ್ನು ಕೇಳುವದು: ತಂತ್ರಾಂಶವನ್ನು ಬೇಕಾದ ಕೆಲಸಕ್ಕೆ ಬಳಸುವದು, ಅದರ ಮೂಲಬರಹವನ್ನು ಓದಿ ತಿದ್ದುವದು, ನೆರೆಯವರಿಗೆ ಹಂಚುವದು, ತಿದ್ದಿದ್ದನ್ನೂ ಹಂಚುವದು. ಇಲ್ಲಿ ಸ್ವತಂತ್ರವೆಂದರೆ ಪುಕ್ಕಟೆಯೆಂದಲ್ಲ, ಹಕ್ಕುಳ್ಳದ್ದೆಂದು ಅರ್ಥ. ಸಹಕಾರಿ ಸಂಘದ ಲೆಕ್ಕದ ಪುಸ್ತಕವನ್ನು ಸದಸ್ಯರು ನೋಡಬಹುದಾದರೆ ಸಂಘದ ಮೇಲೆ ವಿಶ್ವಾಸ ಹುಟ್ಟುವದಲ್ಲವೆ? ಎಲ್ಲ ಸದಸ್ಯರೂ ನೋಡಲಿಕ್ಕಿಲ್ಲ. ಬಲ್ಲವರು ನಾಲ್ಕು ಮಂದಿ ನೋಡಬಲ್ಲರೆಂಬುದೇ ಸಾಕಷ್ಟು ಕಾವಲು. ಟಾರಿನ ಮೂಲಬರಹವೂ ಹೀಗೆಯೇ ಎಲ್ಲರಿಗೂ ತೆರೆದಿರುವದು. ಆ ಸಂಸ್ಥೆಗೆ ಬಹುಕಾಲ ಅಮೇರಿಕೆಯ ಸರಕಾರದಿಂದಲೇ ಬಹಳಷ್ಟು ಧನಸಹಾಯವು ಬಂದುದರಿಂದ ಸಂದೇಹಪಡುವವರೂ ಇರುವರು; ಅಂಥವರಿಗೆ ಕೊಡಬಹುದಾದ ಉತ್ತಮ ಉತ್ತರವೆಂದರೆ ಈ ತೆರೆದ ಬರಹವೇ. ನಮ್ಮ ನಾಡಿನಲ್ಲಿಯೂ ಸ್ವತಂತ್ರ ತಂತ್ರಾಂಶ ಚಳವಳಿ ಕರ್ನಾಟಕವೆಂಬ ಸಂಘವು ಬೆಂಗಳೂರಿನಿಂದ ವಿದ್ಯಾರ್ಥಿಗಳಲ್ಲಿ ಈ ವಿಚಾರವನ್ನು ಹರಡಿರುವದು.

ಕಟ್ಟೆ ಹಾಕುವವರು, ದಾಟುವವರು

ಅಂತರ್ಜಾಲದಲ್ಲಿ ಕಟ್ಟೆ ಹಾಕುವದಕ್ಕೆ ಹಲವು ಉಪಾಯಗಳುಂಟು. ತಾಣದ ಹೆಸರನ್ನು ಅಂಕಿಯ ವಿಳಾಸಕ್ಕೆ ತಿರುಗಿಸುವ ಸೂಚಿಯಲ್ಲಿಯೇ ಸುಳ್ಳು ಉತ್ತರ ಕೊಡುವದು ಒಂದು. ಸಂಪರ್ಕದ ಆರಂಭದಲ್ಲಿ ಬಯಲಾಗಿ ಹೋಗುವ ತಾಣದ ಹೆಸರನ್ನು ಓದಿ ಅಲ್ಲಿಯೇ ಕತ್ತರಿಸುವದು ಇನ್ನೊಂದು. ಬೆಂಗಳೂರಿನ "ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ" ಎಂಬ ಸಂಸ್ಥೆಯ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾರತದ ಸಂಪರ್ಕ ಕಂಪನಿಗಳು ಈ ಎರಡೂ ಉಪಾಯಗಳನ್ನು ಬಳಸುವವೆಂದೂ, ಒಂದು ಕಂಪನಿಯಲ್ಲಿ ತೆರೆಯುವ ತಾಣವು ಇನ್ನೊಂದರಲ್ಲಿ ತೆರೆಯದೆಂದೂ ತೋರಿಸಿಕೊಟ್ಟರು. ಒಂದೇ ದೇಶ, ಒಂದೇ ಕಾಯದೆ. ಆದರೆ ಓದುವ ಹಕ್ಕು ಮಾತ್ರ ಸಿಮ್ ಕಾರ್ಡಿಗೊಂದು ತರ!

ಟಾರಿನ ರಿಲೇಗಳ ಪಟ್ಟಿಯು ಬಹಿರಂಗವಾದುದರಿಂದ ಅದಕ್ಕೂ ಕಟ್ಟೆ ಹಾಕಬಹುದು. ಚೀನ ದೇಶವು 2009ರಲ್ಲಿ ಹಾಗೆಯೇ ಮಾಡಿತು; ರಶಿಯವು 2021ನೆಯ ಡಿಸೆಂಬರದಲ್ಲಿ ಅದೇ ದಾರಿಯನ್ನು ಹಿಡಿಯಿತು. ಇಂಥ ಕಟ್ಟೆಗಳನ್ನು ದಾಟುವದಕ್ಕಾಗಿ ತಂತ್ರಾಂಶ ಕಟ್ಟುವವರು ಪಟ್ಟಿಯಲ್ಲಿಲ್ಲದ ಗುಪ್ತ ಬಾಗಿಲುಗಳನ್ನು ಮಾಡಿರುವರು. ಇವಕ್ಕೆ ಸೇತುವೆಗಳೆಂದು ಹೆಸರು. ಸೇತುವೆಗಳನ್ನೂ ಹುಡುಕಿ ಮುಚ್ಚತೊಡಗಿದಾಗ, ಹೋಗುವ ಸಂದೇಶವು ಅರ್ಥವಿಲ್ಲದ ಗದ್ದಲದಂತೆ ತೋರುವ ಹಾಗೆ ವೇಷ ತೊಡಿಸಿದರು. ಬಳಿಕ "ಸ್ನೋಫ್ಲೇಕ್" ಎಂಬ ಹೊಸ ಯುಕ್ತಿಯು ಬಂದಿತು. ಸ್ವಾತಂತ್ರ್ಯವುಳ್ಳ ದೇಶದ ಒಬ್ಬ ಸಾಮಾನ್ಯನು ತನ್ನ ಬ್ರೌಸರಿನಲ್ಲಿ ಚಿಕ್ಕ ತಂತ್ರಾಂಶವೊಂದನ್ನು ಸೇರಿಸಿದರೆ, ಅವನ ಯಂತ್ರವು ಸ್ವಲ್ಪ ಹೊತ್ತು ಇನ್ನೊಬ್ಬರಿಗೆ ಸೇತುವೆಯಾಗುವದು. ಹೊರಗಿನಿಂದ ನೋಡುವವರಿಗೆ ಅದು ವೀಡಿಯೋ ಕರೆಯಂತೆ ತೋರುವದು. 2022ರಲ್ಲಿ ಇರಾಣದಲ್ಲಿ ಮಹಸಾ ಅಮೀನಿ ಎಂಬ ತರುಣಿಯ ಮರಣದ ತರುವಾಯ ಸರಕಾರವು ಅಂತರ್ಜಾಲವನ್ನು ಬಿಗಿಹಿಡಿದಾಗ, ಬಹು ಜನರು ಈ ಹಿಮದ ಹಳಕುಗಳನ್ನೇ ಆಶ್ರಯಿಸಿದರು.

ಆದರೆ ಈ ವಿದ್ಯೆಗೂ ಒಂದು ಮೇರೆಯುಂಟು. ತಂತಿಯನ್ನೇ ಕಡಿದರೆ ಯಾವ ಯುಕ್ತಿಯೂ ನಡೆಯದು. 2011ನೆಯ ಜನೇವರಿಯಲ್ಲಿ ಈಜಿಪ್ತ ದೇಶವು ಹೀಗೆ ಮಾಡಿತು. ನಮ್ಮ ಕಾಶ್ಮೀರದಲ್ಲಿ 2019ನೆಯ ಆಗಸ್ಟದಿಂದ ಬಹು ತಿಂಗಳು, ಮಣಿಪುರದಲ್ಲಿ 2023ರಲ್ಲಿ ಕೆಲವು ತಿಂಗಳು ಸಂಪರ್ಕವು ನಿಂತಿದ್ದಿತು. ಅಲ್ಲಿ ಬೇಕಾದದ್ದು ತಂತ್ರಾಂಶವಲ್ಲ, ನ್ಯಾಯಾಲಯ ಮತ್ತು ಜನಾಭಿಪ್ರಾಯ.

ಕಾಯದೆಯ ಮಾತು

ನ್ಯಾಯಾಲಯದ ಮಾತು ಬಂದಾಗ ಕನ್ನಡಿಗರು ಅಭಿಮಾನದಿಂದ ನೆನೆಯತಕ್ಕ ಹೆಸರೊಂದುಂಟು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಮ್ ಕೋರ್ಟಿಗೆ ಹೋದರು. ಅವರ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳು 2017ನೆಯ ಆಗಸ್ಟ 24ರಂದು ಏಕಮತದಿಂದ, ಖಾಸಗಿತನವು ಭಾರತೀಯನ ಮೂಲಭೂತ ಹಕ್ಕೆಂದು ತೀರ್ಪು ಕೊಟ್ಟರು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರ ಹೆಸರು ಆ ತೀರ್ಪಿನ ಹೆಸರಾಗಿ ಉಳಿಯಿತು.

ಇನ್ನೊಂದು ಕಡೆಯಲ್ಲಿ ತಡೆಯುವ ಅಧಿಕಾರವೂ ಉಳಿದಿರುವದು. ಮಾಹಿತಿ ತಂತ್ರಜ್ಞಾನ ಕಾಯದೆಯ 69ಎ ಕಲಮಿನ ಮೇರೆಗೆ ಕೇಂದ್ರ ಸರಕಾರವು ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮೊದಲಾದ ಕಾರಣಗಳಿಗಾಗಿ ತಾಣಗಳನ್ನು ಮುಚ್ಚಿಸಬಹುದು. 2015ನೆಯ ಮಾರ್ಚ 24ರಂದು ಶ್ರೇಯಾ ಸಿಂಘಲ್ ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟು ಅದೇ ಕಾಯದೆಯ 66ಎ ಕಲಮನ್ನು ರದ್ದುಮಾಡಿದರೂ 69ಎ ಕಲಮನ್ನು ಎತ್ತಿಹಿಡಿಯಿತು. 2009ರ ನಿಯಮಗಳ ಪ್ರಕಾರ ತಡೆಯ ಆಜ್ಞೆಗಳನ್ನು ಗುಪ್ತವಾಗಿಡತಕ್ಕದ್ದು. ಟ್ವಿಟರ್ ಕಂಪನಿಯು ಇಂಥ ಆಜ್ಞೆಗಳನ್ನು ಪ್ರಶ್ನಿಸಿದಾಗ, ಕರ್ನಾಟಕ ಉಚ್ಚ ನ್ಯಾಯಾಲಯವು 2023ನೆಯ ಜೂನ 30ರಂದು ಅರ್ಜಿಯನ್ನು ತಳ್ಳಿಹಾಕಿ 50 ಲಕ್ಷ ರೂಪಾಯಿಗಳ ದಂಡವನ್ನು ವಿಧಿಸಿತು. ಹೀಗೆ ಪ್ರಜೆಯ ಓದು ಬಯಲಾಗಬಹುದು, ಓದನ್ನು ತಡೆದವರ ಕಾರಣವು ಮಾತ್ರ ಮರೆಯಲ್ಲಿರಬಹುದು ಎಂಬ ವಿಪರೀತ ಸ್ಥಿತಿಯು ಒದಗಿರುವದು. ಇದು ಸರಿಯೇ ಎಂದು ಪ್ರಜೆಗಳಾದ ನಾವು ಶಾಂತವಾಗಿ ಕೇಳತಕ್ಕದ್ದು.

ಒಂದು ಆಕ್ಷೇಪಣೆ

"ಕಳ್ಳನೂ ಕತ್ತಲನ್ನೇ ಬಯಸುವನಲ್ಲ!" ಎಂದು ಯಾರಾದರೂ ಹೇಳಿದರೆ ಅದನ್ನು ಅಲ್ಲಗಳೆಯಲಾಗದು. ಮರೆಯಲ್ಲಿ ನಿಂತು ಮಾದಕ ದ್ರವ್ಯಗಳನ್ನು ಮಾರಿದವರುಂಟು. ಹೆಂಗಸರ ಮಾನಕ್ಕೆ ಕುಂದು ತರುವ ನೀಚರುಂಟು. ಅವರ ಕೈಯಲ್ಲಿ ನೊಂದವರಿಗೆ ಈ ಲೇಖನದ ಮಾತುಗಳು ಕಹಿಯಾಗಿಯೇ ತೋರಬಹುದು. ಆದರೂ 2013ರಲ್ಲಿ ಟಾರಿನ ಮರೆಯಲ್ಲಿದ್ದ ದೊಡ್ಡ ಮಾದಕ ಮಾರುಕಟ್ಟೆಯೊಂದನ್ನು ಅಮೇರಿಕೆಯ ಪೋಲೀಸರು ಹಿಡಿದೇ ಹಿಡಿದರು. ಹಣದ ಜಾಡು, ಅಪರಾಧಿಯ ಅಜಾಗ್ರತೆ, ನಿಷ್ಠೆಯ ತನಿಖೆ ಇವೆಲ್ಲ ಮೊದಲಿನಂತೆಯೇ ಉಪಯೋಗಕ್ಕೆ ಬರುವವು.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಸತ್ಯೇಂದ್ರ ದುಬೆಯವರ ಹೆಸರನ್ನು ಇಡೋಣ. ರಾಷ್ಟ್ರೀಯ ಹೆದ್ದಾರಿಯ ಕೆಲಸದಲ್ಲಿದ್ದ ಈ ತರುಣ ಇಂಜಿನಿಯರರು 2002ರಲ್ಲಿ ಆ ಕೆಲಸದ ಅವ್ಯವಹಾರಗಳನ್ನು ಪ್ರಧಾನಮಂತ್ರಿಗಳಿಗೆ ಬರೆದು, ತಮ್ಮ ಹೆಸರನ್ನು ಗುಪ್ತವಾಗಿಡಬೇಕೆಂದು ಬೇಡಿಕೊಂಡರು. ಹೆಸರಿದ್ದ ಆ ಕಾಗದವೇ ಕಚೇರಿಯಿಂದ ಕಚೇರಿಗೆ ತಿರುಗಿತು. 2003ನೆಯ ನವಂಬರ 27ರಂದು ಗಯೆಯಲ್ಲಿ ಅವರು ಗುಂಡಿಗೆ ಬಲಿಯಾದರು. ದರೋಡೆಕೋರರ ಕೃತ್ಯವೆಂದು ತನಿಖೆಯವರು ಹೇಳಿದರು. ಅದನ್ನು ಒಪ್ಪದವರು ಅನೇಕರು. ಅದೇನೇ ಇರಲಿ, ಗುಪ್ತವಾಗಿಡಿರೆಂದು ಕೇಳಿಕೊಂಡ ಹೆಸರನ್ನು ಕಾಯುವ ಏರ್ಪಾಟು ಇರಲಿಲ್ಲವೆಂಬುದಂತೂ ನಿಶ್ಚಯ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟದ ರೈತನಾಗಲಿ, ರೇಶನ್ ಧಾನ್ಯವು ದಾರಿ ತಪ್ಪಿದ್ದನ್ನು ಕಂಡ ಶಿಕ್ಷಕನಾಗಲಿ ಬಾಯಿ ಬಿಡಬೇಕಾದರೆ ಇಂಥ ಏರ್ಪಾಟು ಅವಶ್ಯ.

ಗೃಹಸ್ಥರಿಗೆ ನಾಲ್ಕು ಮಾತು

ಟಾರಿನ ಬ್ರೌಸರನ್ನು ಅದರ ಸಂಸ್ಥೆಯ ಸ್ವಂತ ತಾಣದಿಂದಲೇ ಪಡೆಯತಕ್ಕದ್ದು. ಅದಕ್ಕೆ ಹಣ ಬೇಕಿಲ್ಲ. ಕಂಡಕಂಡವರು ಕಳಿಸಿದ ಪ್ರತಿಯನ್ನು ನಂಬಬಾರದು. ಮೂರು ಮನೆ ಸುತ್ತಿ ಬರುವದರಿಂದ ಅದು ಸ್ವಲ್ಪ ನಿಧಾನ, ತಾಳ್ಮೆ ಬೇಕು. ಮುಸುಕು ಹಾಕಿಕೊಂಡು ಹೋಗಿ ಬಾಗಿಲಲ್ಲಿ ತನ್ನ ಹೆಸರನ್ನೇ ಕೂಗಿದರೆ ಮುಸುಕು ವ್ಯರ್ಥ. ಹಾಗೆಯೇ ಟಾರಿನಲ್ಲಿ ತನ್ನ ನಿಜನಾಮದ ಖಾತೆಯನ್ನು ತೆರೆದರೆ ಗುರುತು ಬಯಲಾಗುವದು.

ಕೊನೆಯ ರಿಲೇಯವನು ಲಕೋಟೆಯನ್ನು ಒಡೆಯುವನೆಂಬುದನ್ನೂ ಮರೆಯಬಾರದು. ಒಳಗಿನ ಪತ್ರವು ಬೀಗವಿಲ್ಲದ್ದಾದರೆ ಅವನು ಓದಬಲ್ಲನು. 2007ರಲ್ಲಿ ಸ್ವೀಡನ್ನಿನ ಡಾನ್ ಎಗರ್‌ಸ್ಟಾಡ್ ಎಂಬವನು ಹೀಗೆ ಕುಳಿತು ಹಲವು ದೇಶಗಳ ರಾಯಭಾರಿ ಕಚೇರಿಗಳ ಗುಪ್ತಪದಗಳನ್ನು ಹಿಡಿದು ಪ್ರಕಟಿಸಿದನು, ಭಾರತದವೂ ಅವುಗಳಲ್ಲಿದ್ದವು. ಆದುದರಿಂದ ತಾಣದ ವಿಳಾಸದ ಮೊದಲಲ್ಲಿ ಬೀಗದ ಗುರುತಿರುವದನ್ನು ನೋಡಿಕೊಳ್ಳತಕ್ಕದ್ದು. ಟಾರನ್ನು ಬಳಸುವದೇ ಅಪರಾಧವೆಂದು ಹೇಳುವ ದೇಶವ್ಯಾಪಿ ಕಾಯದೆಯು ಭಾರತದಲ್ಲಿಲ್ಲ. ಆದರೆ ಮರೆಯಲ್ಲಿ ಮಾಡಿದ ಅಪರಾಧವೂ ಅಪರಾಧವೇ.

ಕೊನೆಯದಾಗಿ ಮನೆಯ ಮಾತು. ದೊಡ್ಡ ಸರಕಾರಗಳ ಇಣುಕುನೋಟವನ್ನು ಹಳಿಯುವ ನಾವು, ನಮ್ಮ ಮನೆಯಲ್ಲಿ ಹೆಂಡತಿಯ ಮೊಬೈಲನ್ನೂ ಬೆಳೆದ ಮಗಳ ಪುಸ್ತಕವನ್ನೂ ಕೇಳದೆ ತೆರೆದು ನೋಡುವೆವಾದರೆ, ನಮ್ಮ ಮಾತಿಗೆ ತೂಕವಿರದು. ಚಿಕ್ಕ ಮಕ್ಕಳನ್ನು ಕಾಯುವದು ಬೇರೆ, ಬೆಳೆದವರನ್ನು ಕಾವಲಿಡುವದು ಬೇರೆ. ಇನ್ನೊಬ್ಬರ ಪತ್ರವನ್ನು ಒಡೆಯಬಾರದೆಂಬ ಪಾಠವನ್ನು ಮಕ್ಕಳು ಮೊದಲು ಕಲಿಯುವದು ಪಡಸಾಲೆಯಲ್ಲಿ. ಮುಂದೆ ಅವರಲ್ಲಿ ಯಾರೋ ಒಬ್ಬರು ತಂತ್ರಾಂಶವನ್ನು ಬರೆಯುವರು, ಇನ್ನೊಬ್ಬರು ಕಚೇರಿಯ ಕುರ್ಚಿಯಲ್ಲಿ ಕುಳಿತು ಆಜ್ಞೆಯನ್ನು ಬರೆಯುವರು. ಆ ಪಾಠವು ಇಬ್ಬರಿಗೂ ನೆನಪಿರಲಿ.